ರಾವಣ, ಶಕಾರ, ವಿಶ್ವಾಮಿತ್ರ: ಆರ್. ನಾಗೇಂದ್ರರಾಯರ ಪ್ರತಿನಾಯಕ ಪಾತ್ರಗಳು

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸಾಹಿತ್ಯಚರಿತ್ರೆಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಊರೆಂದು ಪ್ರಸಿದ್ಧ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿ, ಗ್ರೀಕ್ ರುದ್ರನಾಟಕದ ಬೆಳಕಿನಲ್ಲಿ ಅವನನ್ನು ವಿವೇಚಿಸಿದವರು ಅವರು. ಅದೇ ತಲೆಮಾರಿನಲ್ಲಿ ಇನ್ನೊಬ್ಬ ರಾವಣ ಬೆಳ್ಳಿತೆರೆಯ ಮೇಲೆ ಕನ್ನಡದಲ್ಲಿ ಮಾತನಾಡಿದನು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ದಲ್ಲಿ ಆ ಪಾತ್ರ ವಹಿಸಿದವರು ಆರ್. ನಾಗೇಂದ್ರರಾವ್ (1896–1977). ಈ ಇಬ್ಬರು ರಾವಣರನ್ನು ಒಟ್ಟಿಗಿಟ್ಟು ನೋಡುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬೆಳೆದಿಲ್ಲ. ಸಿನಿಮಾ ನಮ್ಮ ಪಠ್ಯವಲ್ಲವೆಂಬ ಬಿಗುಮಾನವೇ ಇದಕ್ಕೆ ಕಾರಣವಿರಬೇಕು.

ಚಿತ್ರದುರ್ಗ ಸೀಮೆಯ ಹೊಳಲ್ಕೆರೆಯಲ್ಲಿ ಹುಟ್ಟಿದ ನಾಗೇಂದ್ರರಾಯರು ವೃತ್ತಿರಂಗಭೂಮಿಯಲ್ಲಿ ಪಳಗಿದವರು. ಎಂ.ವಿ. ಸುಬ್ಬಯ್ಯನಾಯ್ಡು ಅವರೊಡನೆ ‘ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ’ಯನ್ನು ಕಟ್ಟಿ ನಡೆಸಿದರು. ವೈ.ವಿ. ರಾವ್ ನಿರ್ದೇಶನದ ಮೊದಲ ವಾಕ್ಚಿತ್ರ ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ ಸಿದ್ಧವಾದಾಗ ಅದಕ್ಕೆ ಸಾಹಿತ್ಯ ಒದಗಿಸಿದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ರಾವಣನ ಪಾತ್ರದ ಜೊತೆಗೆ ಸಂಗೀತದ ಹೊಣೆಯನ್ನೂ ನಾಗೇಂದ್ರರಾಯರೇ ಹೊತ್ತರು.

ಈ ಜೋಡಿಯ ಪಾತ್ರ ಹಂಚಿಕೆಯಲ್ಲಿ ಒಂದು ಕ್ರಮ ಕಾಣುತ್ತದೆ. ‘ಸತಿ ಸುಲೋಚನಾ’ದಲ್ಲಿ ನಾಯ್ಡು ಇಂದ್ರಜಿತು, ‘ವಸಂತಸೇನಾ’ದಲ್ಲಿ (1941) ಚಾರುದತ್ತ, ‘ಸತ್ಯ ಹರಿಶ್ಚಂದ್ರ’ದಲ್ಲಿ (1943) ಹರಿಶ್ಚಂದ್ರ. ನಾಗೇಂದ್ರರಾಯರಿಗೆ ಸಂದವು ರಾವಣ, ಶಕಾರ, ವಿಶ್ವಾಮಿತ್ರ. ಇವುಗಳನ್ನು ಖಳಪಾತ್ರಗಳೆಂದು ಒಂದೇ ಗಂಟಿಗೆ ಕಟ್ಟುವುದು ತಪ್ಪು. ಶೂದ್ರಕನ ಶಕಾರ ಅಧಿಕಾರದ ಬಲವುಳ್ಳ ಮೂರ್ಖ. ‘ಸ’ಕಾರ ಬರಬೇಕಾದಲ್ಲೆಲ್ಲ ‘ಶ’ಕಾರ ನುಡಿಯುವ ಅವನ ನಾಲಿಗೆಯಲ್ಲೇ ನಗೆಯಿದೆ, ಕ್ರೌರ್ಯವೂ ಇದೆ. ವಿಶ್ವಾಮಿತ್ರನಾದರೋ ಸತ್ಯವನ್ನು ಒರೆಗೆ ಹಚ್ಚುವ ಋಷಿ. ಒಬ್ಬನೇ ನಟ ಇವೆರಡನ್ನೂ ನಿರ್ವಹಿಸಬೇಕಾದರೆ ಮಾತಿನ ಮೇಲೆ ಎಂಥ ಹಿಡಿತ ಬೇಕು!

ರಾವಣನ ವಿಷಯ ಇನ್ನೂ ಸೂಕ್ಷ್ಮವಾದುದು. ಸುಲೋಚನೆಯ ಕಥೆ ವಾಲ್ಮೀಕಿಯಲ್ಲಿಲ್ಲ. ವಿಮಲಸೂರಿ, ರವಿಷೇಣರ ಜೈನ ರಾಮಕಥೆಯಲ್ಲಂತೂ ಅದಕ್ಕೆ ಎಡೆಯೇ ಇಲ್ಲ. ಅಲ್ಲಿ ಇಂದ್ರಜಿತು ಯುದ್ಧದಲ್ಲಿ ಮಡಿಯುವುದಿಲ್ಲ, ಸೆರೆಸಿಕ್ಕು ಕೊನೆಗೆ ದೀಕ್ಷೆ ವಹಿಸುತ್ತಾನೆ. ಆದ್ದರಿಂದ ಚಿತ್ರದ ರಾವಣನನ್ನು ನಾಗಚಂದ್ರನ ರಾವಣನ ವಂಶಜನೆನ್ನಲಾಗದು. ಆದರೂ ಕನ್ನಡದ ಮೊದಲ ವಾಕ್ಚಿತ್ರ ಅಯೋಧ್ಯೆಯ ಅರಮನೆಯನ್ನು ಬಿಟ್ಟು ಲಂಕೆಯ ಮನೆಯನ್ನು ಆರಿಸಿಕೊಂಡಿತು. ಅಲ್ಲಿನ ರಾವಣ ಸೀತಾಪಹಾರಿಯಷ್ಟೇ ಅಲ್ಲ, ಮಗನನ್ನು ಕಳೆದುಕೊಳ್ಳುವ ತಂದೆ. ಮರುವರ್ಷ, 1935ರಲ್ಲಿ, ಶ್ರೀಯವರ ‘ಪಾರಸಿಕರು’ ಪ್ರಕಟವಾಯಿತು; ಈಸ್ಕಿಲಸನ ಆ ನಾಟಕವೂ ಸೋತ ಶತ್ರುವಿನ ಅರಮನೆಯಲ್ಲಿ ನಿಂತು ಯುದ್ಧವನ್ನು ನೋಡುತ್ತದೆ. ಒಂದು ಇನ್ನೊಂದರಿಂದ ಪ್ರಭಾವಿತವೆಂದು ಹೇಳುತ್ತಿಲ್ಲ. ಪಂಡಿತರ ಮೇಜಿನ ಮೇಲೂ ಕಂಪನಿ ನಾಟಕದವರ ನಡುವೆಯೂ ಸೋತವರ ಅಳಲು ಏಕಕಾಲದಲ್ಲಿ ಕೇಳಿಬಂತೆಂಬುದು ಮಾತ್ರ ಸಂಶೋಧಕರು ಗಮನಿಸಬೇಕಾದ ಸಂಗತಿ.

‘ಸತಿ ಸುಲೋಚನಾ’ದ ಪ್ರತಿ ಉಳಿದುಬಂದಿಲ್ಲ. ನಾಗೇಂದ್ರರಾಯರ ಕಲೆಯನ್ನು ಕಣ್ಣಾರೆ ಕಾಣಬಯಸುವವರು ಅವರ ಕೊನೆಗಾಲದ ಚಿತ್ರಗಳಿಗೆ ಹೋಗಬೇಕು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಹಣ್ಣೆಲೆ ಚಿಗುರಿದಾಗ’ (1968) ಚಿತ್ರದಲ್ಲಿ ಅವರು ವಿಧವೆ ಮಗಳ ತಂದೆ. ಆಗ ಅವರಿಗೆ 72ರ ಪ್ರಾಯ.