ವಿಮಾನಕ್ಕೆ ನೆಲದ ಮೇಲೆ ಬೆಂಕಿ ಬಿದ್ದರೆ: ಗಾಳಿ ಯಾವ ಕಡೆ?

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಹತ್ತಿರ ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಬಿತ್ತು. ಸುದ್ದಿ ಕೇಳಿ ಜನ ಓಡಿದರು, ಸುತ್ತ ನಿಂತರು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿದ್ದ 'ತಪಸ್' ಕೂಡ ಅದೇ ಜಾತಿಯದ್ದು. ಎರಡು ಸಲವೂ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಇವೆರಡೂ ಹಾರಿದ್ದು ನಮ್ಮ ವರವು ಕಾವಲಿನಿಂದ. ಅಮೃತಮಹಲ್ ದನ ಮೇಯುತ್ತಿದ್ದ ಹುಲ್ಲುಗಾವಲಲ್ಲಿ 2017ರ ಮೇ 28ರಂದು ಡಿಆರ್‌ಡಿಒ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಇಸ್ರೋ ತನ್ನ ರೆಕ್ಕೆಯ ರಾಕೆಟ್ ವಾಹನವನ್ನು 2023, 2024ರಲ್ಲಿ ಇಳಿಸಿ ನೋಡಿದ್ದೂ ಇಲ್ಲಿಯೇ. ಹಾಗಾಗಿ ವಿಮಾನದ ಬೆಂಕಿ ಎಂಬುದು ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ದೂರದ ಮಾತಲ್ಲ.

ಈ ವಿಷಯದಲ್ಲಿ ಜಗತ್ತಿಗೆ ದೊಡ್ಡ ಪಾಠ ಕಲಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್. 1985ರ ಆಗಸ್ಟ್ 22ರಂದು 137 ಜನರಿದ್ದ ಬೋಯಿಂಗ್ 737 ರನ್‌ವೇ ಮೇಲೆ ಓಡುತ್ತಿದ್ದಾಗ 'ಢಂ' ಎಂದಿತು. ಟಯರ್ ಸಿಡಿಯಿತು ಅಂದುಕೊಂಡ ಪೈಲಟ್‌ಗಳು ಜೋರಾಗಿ ಬ್ರೇಕ್ ಹಾಕಲಿಲ್ಲ. ನಿಜವಾಗಿ ಒಡೆದಿದ್ದು ಎಡ ಎಂಜಿನ್. ಅದರ ಚೂರು ರೆಕ್ಕೆಯ ಇಂಧನ ಟ್ಯಾಂಕ್ ತೂತು ಮಾಡಿತ್ತು. ವಿಮಾನ ಪಕ್ಕದ ದಾರಿಗೆ ತಿರುಗಿ ನಿಂತಿತು. ಅಂದು ಇದ್ದದ್ದು ಸಣ್ಣ ಗಾಳಿ. ಆದರೆ ಅದು ಬೆಂಕಿಯನ್ನು ನೇರ ಜನ ಕುಳಿತಿದ್ದ ಕಡೆಗೇ ತಳ್ಳಿತು. ಅಗ್ನಿಶಾಮಕ ವಾಹನ ಬೇಗನೇ ಬಂದರೂ 55 ಜನ ಸತ್ತರು, ಹೆಚ್ಚಿನವರು ಸುಟ್ಟಲ್ಲ, ಹೊಗೆ ಕುಡಿದು. ಕತ್ತಲಲ್ಲಿ ಬಾಗಿಲಿನ ದಾರಿ ತೋರಿಸುವ ನೆಲದ ದೀಪ, ಬೇಗ ಉರಿಯದ ಸೀಟು ವಿಮಾನಗಳಿಗೆ ಬರಲು ಆ ಸಾವುಗಳು ಬೇಕಾದವು.

ಜೆಟ್ ಇಂಧನ ಅಂದರೆ ಒಂದು ಬಗೆಯ ಸೀಮೆಎಣ್ಣೆ. ಉರಿಯುವ ಎಣ್ಣೆ ಬಾಣಲೆಗೆ ನೀರು ಸುರಿದರೆ ಏನಾಗುತ್ತದೆಂದು ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಗೆ ಹೇಳಬೇಕೆ? ಅದಕ್ಕೇ ವಿಮಾನ ನಿಲ್ದಾಣದ ವಾಹನಗಳು ನೊರೆ ಹಾರಿಸುತ್ತವೆ. ನೊರೆ ಎಣ್ಣೆಯ ಮೇಲೆ ಕಂಬಳಿಯಂತೆ ಹರಡಿ ಗಾಳಿ ತಡೆಯುತ್ತದೆ. ಮೂರು ನಿಮಿಷದೊಳಗೆ ಅವು ರನ್‌ವೇಯ ಯಾವ ತುದಿಗಾದರೂ ತಲುಪಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಪೈಲಟ್ ಅಷ್ಟರಲ್ಲಿ ಎಂಜಿನ್‌ಗೆ ಇಂಧನ ಬಂದ್ ಮಾಡಿ, ಅದರೊಳಗೇ ಬೆಂಕಿ ಆರಿಸುವ ಅನಿಲ ಬಿಡುತ್ತಾನೆ.

ಎಲ್ಲ ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ನೋಡಿದೆ. 2024ರ ಮೇ 18ರ ರಾತ್ರಿ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತು. ಹಿಂತಿರುಗಿ ಇಳಿದ ಕೂಡಲೇ ಬೆಂಕಿ ಆರಿಸಿದರು. 179 ಪ್ರಯಾಣಿಕರು, 6 ಸಿಬ್ಬಂದಿ ಜಾರುಬಂಡಿಯಲ್ಲಿ ಇಳಿದು ಬದುಕಿದರು.

ಆದರೆ ಹೊಲಕ್ಕೆ ಬಿದ್ದರೆ ನೊರೆಯ ವಾಹನ ಮೂರು ನಿಮಿಷದಲ್ಲಿ ಬರುವುದಿಲ್ಲ. ಬೇಸಿಗೆಯ ಕಾವಲಿಗೆ ಕಿಡಿ ಸಾಕು. 2019ರ ಫೆಬ್ರುವರಿ 23ರಂದು ಯಲಹಂಕದ ಏರೋ ಇಂಡಿಯಾದಲ್ಲಿ ಪಾರ್ಕಿಂಗ್ ಜಾಗದ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟವು. ಅಷ್ಟೆಲ್ಲ ವ್ಯವಸ್ಥೆ ಇದ್ದ ಜಾಗದಲ್ಲೇ ಹೀಗಾಯಿತು.

ನಮ್ಮಲ್ಲಿ ಹಾಗೇನಾದರೂ ಬಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ. ಗಾಳಿ ಬೀಸಿ ಬರುವ ಕಡೆಯೇ ನಿಲ್ಲಿ, ಹೊಗೆ ಹೋಗುವ ಕಡೆ ಅಲ್ಲ. ವಿಡಿಯೊ ಮಾಡಲು ಹತ್ತಿರ ಹೋಗಬೇಡಿ. ಬೆಂಕಿ ಆರಿದಂತೆ ಕಂಡರೂ ಇಂಧನ ಸೋರುತ್ತಿರಬಹುದು. ಈಗಿನ ವಿಮಾನ, ಡ್ರೋನ್‌ಗಳಲ್ಲಿ ಕಾರ್ಬನ್ ನಾರು ಬಹಳ. ಸುಟ್ಟಾಗ ಅದರ ಸಣ್ಣ ಎಳೆ ಎದ್ದು ಕಣ್ಣು, ಗಂಟಲಿಗೆ ಸೇರುತ್ತದೆ. ಚೂರುಗಳನ್ನು ಮುಟ್ಟಬೇಡಿ, ಮನೆಗೆ ಒಯ್ಯಬೇಡಿ. ಜಾಗ ಪೂರ್ತಿ ತೆರವಾಗುವವರೆಗೆ ಕುರಿ, ದನಗಳನ್ನೂ ಆ ಕಡೆ ಬಿಡಬೇಡಿ.