ಹಿಮಕ್ಕೂ ಒಂದು ಊರು
ಹೊರಗಿನವರು ಎಸ್ಕಿಮೋ ಎಂದು ಕರೆಯುತ್ತಿದ್ದ ಇನ್ಯೂಟರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಅಲಾಸ್ಕಾದಿಂದ ಪೂರ್ವಕ್ಕೆ ಹಬ್ಬಿದರು. ನಾಯಿಗಳೆಳೆಯುವ ಜಾರುಬಂಡಿ, ಚರ್ಮದ ದೋಣಿ, ಸೀಲ್ ಕೊಬ್ಬಿನಿಂದ ಉರಿಯುವ ಕಲ್ಲುದೀಪ, ಹಿಮದ ಗಟ್ಟಿಗಳನ್ನು ಪೇರಿಸಿದ ಮನೆ, ಇವುಗಳ ಬಲದಿಂದ ಮರವೇ ಬೆಳೆಯದ ನೆಲದಲ್ಲಿ ಬಾಳು ಕಟ್ಟಿದರು. ಇವರು ಯಾವ ಹಿಮದಲ್ಲಾದರೂ ಬದುಕಬಲ್ಲರೆಂಬ ಭ್ರಮೆ ಹೊರಗಿನವರಲ್ಲಿ ಬೆಳೆಯಿತು.

1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್ ಪ್ರಾಂತ್ಯದ ಇನುಕ್ಜುವಾಕ್‌ನ ಕೆಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರದ ಗ್ರೀಸ್ ಫಿಯರ್ಡ್, ರೆಸೊಲ್ಯೂಟ್‌ಗಳಿಗೆ ಹಡಗಿನಲ್ಲಿ ಸಾಗಿಸಿತು. ಬೇಟೆ ಹೇರಳವಾಗಿದೆ, ಎರಡು ವರ್ಷಗಳ ಬಳಿಕ ಮರಳಬಹುದು ಎಂಬ ಮಾತು ಕೊಡಲಾಗಿತ್ತು. ಆದರೆ ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಮೂಡುವುದಿಲ್ಲ; ಇನುಕ್ಜುವಾಕ್‌ನವರು ಅಂಥ ಇರುಳನ್ನು ಕಂಡವರೇ ಅಲ್ಲ. ಪ್ರಾಣಿಗಳ ಹಾದಿ, ಕಡಲ ಮಂಜಿನ ಗುಣ ಎಲ್ಲವೂ ಅಪರಿಚಿತ. ಮೊದಲ ಚಳಿಗಾಲವನ್ನು ಗುಡಾರಗಳಲ್ಲೇ ಕಳೆಯಬೇಕಾಯಿತು. ಅವರಿಗೆ ನೆರವಾಗಲೆಂದು ಪಾಂಡ್ ಇನ್ಲೆಟ್‌ನ ಇನ್ಯೂಟರನ್ನೂ ಕರೆದೊಯ್ದಿದ್ದರೆಂಬುದೇ, ಒಂದು ಹಿಮ ಇನ್ನೊಂದರಂತಲ್ಲ ಎಂಬುದಕ್ಕೆ ಸಾಕ್ಷಿ.

ಮರಳುವ ಮಾತು ದಶಕಗಳ ಕಾಲ ನೆರವೇರಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಹೋದವರಲ್ಲಿ ಅನೇಕರು ಅಷ್ಟರಲ್ಲಿ ಅಲ್ಲಿಯೇ ಮಣ್ಣಾಗಿದ್ದರು.

ಇನ್ಯೂಟರನ್ನು ಕಾಯ್ದದ್ದು ತಮ್ಮ ಕೊಲ್ಲಿ, ತಮ್ಮ ಗಾಳಿ, ತಮ್ಮ ಮಂಜನ್ನು ತಲೆಮಾರುಗಳಿಂದ ಬಲ್ಲ ಅರಿವು. ಹಡಗಿಗೆ ಹೇರಲಾಗದ ಸಾಮಾನು ಅದೊಂದೇ.