ಡೌನ್ ಸಿಂಡ್ರೋಮ್: ಮೂರನೇ ತಿಂಗಳ ತಪಾಸಣೆ ಏನು ಹೇಳುತ್ತದೆ?

ಮಾನವನ ಜೀವಕೋಶದಲ್ಲಿ ಸಾಮಾನ್ಯವಾಗಿ 23 ಜೊತೆ ವರ್ಣತಂತುಗಳಿರುತ್ತವೆ. 21ನೇ ವರ್ಣತಂತು ಎರಡರ ಬದಲು ಮೂರಿದ್ದಾಗ ಉಂಟಾಗುವ ಸ್ಥಿತಿಯೇ ಡೌನ್ ಸಿಂಡ್ರೋಮ್. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದರು. ಕಾರಣ ಗೊತ್ತಾದದ್ದು 1959ರಲ್ಲಿ. ಈ ಮಕ್ಕಳ ಬೌದ್ಧಿಕ ಬೆಳವಣಿಗೆ ನಿಧಾನವಾಗಿರುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವೂ ಇರುತ್ತದೆ.

ಯಾರಿಗೆ ಅಗತ್ಯ?

ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಾಧ್ಯತೆಯೂ ಹೆಚ್ಚುತ್ತದೆ. 20ನೇ ವಯಸ್ಸಿನಲ್ಲಿ ಸುಮಾರು 1,500ಕ್ಕೆ ಒಂದರಷ್ಟಿರುವ ಸಾಧ್ಯತೆ, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದರಷ್ಟಾಗುತ್ತದೆ. ಹಾಗೆಂದು ಕಿರಿಯರು ನಿಶ್ಚಿಂತರಾಗಿರುವಂತಿಲ್ಲ. ಹೆರಿಗೆಗಳ ಸಂಖ್ಯೆ ಕಿರಿಯ ವಯಸ್ಸಿನವರಲ್ಲೇ ಅಧಿಕವಾದ್ದರಿಂದ ತಪಾಸಣೆಯ ಮಾಹಿತಿ ಎಲ್ಲ ಗರ್ಭಿಣಿಯರಿಗೂ ದೊರೆಯಬೇಕು. ಮಾಡಿಸಿಕೊಳ್ಳುವುದು, ಬಿಡುವುದು ಅವರ ಆಯ್ಕೆ.

ತಪಾಸಣೆ ಹೇಗೆ?

ಗರ್ಭಧಾರಣೆಯ 11ರಿಂದ 14ನೇ ವಾರದೊಳಗೆ ಎನ್‌ಟಿ ಸ್ಕ್ಯಾನ್ ಮಾಡಿ, ಭ್ರೂಣದ ಕತ್ತಿನ ಹಿಂಭಾಗದಲ್ಲಿ ಚರ್ಮದಡಿ ಸೇರುವ ದ್ರವದ ದಪ್ಪವನ್ನು ಅಳೆಯಲಾಗುತ್ತದೆ. ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆಯಲ್ಲಿ ಎರಡು ಅಂಶಗಳನ್ನು ನೋಡುತ್ತಾರೆ. ಇವೆರಡನ್ನೂ ತಾಯಿಯ ವಯಸ್ಸಿನೊಂದಿಗೆ ಕೂಡಿಸಿ ಲೆಕ್ಕ ಹಾಕಿದಾಗ ಶೇ. 85ರಿಂದ 90ರಷ್ಟು ಪ್ರಕರಣಗಳು ಪತ್ತೆಯಾಗುತ್ತವೆ. ಆದರೆ ದೋಷವಿಲ್ಲದ ಗರ್ಭಗಳಲ್ಲೂ ಸುಮಾರು ಶೇ. 5ರಷ್ಟಕ್ಕೆ 'ಹೆಚ್ಚಿನ ಅಪಾಯ' ಎಂಬ ವರದಿ ಬರುತ್ತದೆ.

ವರದಿಯೇ ತೀರ್ಪಲ್ಲ

'1:100' ಎಂದು ವರದಿ ಬಂದರೆ ಗಾಬರಿಯಾಗುವುದು ಸಹಜ. ಅದರ ಅರ್ಥ ಇಷ್ಟೇ: ಇಂಥ ವರದಿ ಪಡೆದ 100 ಗರ್ಭಿಣಿಯರಲ್ಲಿ 99 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. 'ಕಡಿಮೆ ಅಪಾಯ' ಎಂಬುದೂ ಪೂರ್ಣ ಖಾತರಿಯಲ್ಲ.

ತಾಯಿಯ ರಕ್ತದಲ್ಲಿರುವ ಡಿಎನ್‌ಎ ತುಣುಕುಗಳನ್ನು ಪರಿಶೀಲಿಸುವ ಎನ್‌ಐಪಿಟಿ ಪರೀಕ್ಷೆಯನ್ನು 10ನೇ ವಾರದಿಂದ ಮಾಡಿಸಬಹುದು. ಇದು ಹೆಚ್ಚು ನಿಖರ, ದುಬಾರಿ ಕೂಡ. ಅವುಗಳಲ್ಲಿ ಭ್ರೂಣದ್ದೆಂದು ಪರಿಗಣಿಸುವ ತುಣುಕುಗಳು ಮುಖ್ಯವಾಗಿ ಮಾಸುವಿನಿಂದ ಬರುವುದರಿಂದ ಇದೂ ಅಂತಿಮವಲ್ಲ. ಖಚಿತ ಉತ್ತರಕ್ಕೆ ಮಾಸುವಿನ ಅಂಗಾಂಶವನ್ನು, ಅಥವಾ 15ನೇ ವಾರದ ನಂತರ ಗರ್ಭಜಲವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕು. ಇದರಿಂದ ಗರ್ಭಪಾತವಾಗುವ ಅಪಾಯ ಅಲ್ಪ, ಆದರೆ ಇಲ್ಲದಿಲ್ಲ.

ವರ್ಣತಂತು ದೋಷದ ಪತ್ತೆಗಾಗಿ ಇಂಥ ಪರೀಕ್ಷೆಗಳಿಗೆ 1994ರ ಕಾಯ್ದೆ ಅವಕಾಶ ನೀಡುತ್ತದೆ. ಭ್ರೂಣದ ಲಿಂಗವನ್ನು ತಿಳಿಸುವುದು ಮಾತ್ರ ಅಪರಾಧ.

ಆದ್ದರಿಂದ ತಪಾಸಣೆಯ ವರದಿಯೊಂದನ್ನೇ ನೆಚ್ಚಿ ಗರ್ಭದ ಕುರಿತು ನಿರ್ಧಾರಕ್ಕೆ ಬರಬಾರದು. ಖಚಿತ ಪರೀಕ್ಷೆ ಹಾಗೂ ತಜ್ಞರ ಸಮಾಲೋಚನೆಯ ನಂತರವೇ ದಂಪತಿಗಳು ಮುಂದಿನ ಹೆಜ್ಜೆಯನ್ನು ಯೋಚಿಸುವುದು ಉಚಿತ.